ಅಂಕ ಕಡಮೆಯಾಗಲು ಕಾರಣ

ಕರಿಸಿದ್ದನಿಗೆ ಗಣಿತದಲ್ಲಿ ಮೂವತ್ತೆಂಟು ಬಂದಿತ್ತು. ಸ್ಕಾಲರ್‌ಶಿಪ್ಪಿಗೆ ನಲವತ್ತೈದು ಬೇಕು. ಕಮಿಟಿಯವರು ಒಂದು ದಯೆ ತೋರಿದ್ದರು: ಅರ್ಜಿಯ ಕೊನೆಯಲ್ಲಿ ‘ಅಂಕ ಕಡಮೆಯಾಗಲು ಕಾರಣ’ ಎಂದು ಅಚ್ಚುಮಾಡಿಸಿ ಜಾಗ ಬಿಟ್ಟಿದ್ದರು. ಕಾರಣ ಒಪ್ಪಿಗೆಯಾದರೆ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್. ಆಗದಿದ್ದರೆ ಕಿರುಗಾವಲಿನ ಪಕ್ಕದ ಹುಣಸೆಕೊಪ್ಪಲಿನಲ್ಲಿ, ಅಪ್ಪ ಮುದ್ದಯ್ಯನ ಹಾಗೆ, ಪಟೇಲರು ಕರೆದಾಗೆಲ್ಲ ಬಿಟ್ಟಿ ಚಾಕರಿ.

ಅದು ನಲವತ್ತೊಂದನೇ ಇಸವಿಯ ಬೇಸಿಗೆ. ಮಳವಳ್ಳಿಯಲ್ಲಿ ಕಮಿಟಿ ಕೂತಿದ್ದ ಮನೆಯ ಜಗಲಿ ತುಂಬ ಹುಡುಗರು. ಒಬ್ಬನ ಜೊತೆ ಮಾವ, ಇನ್ನೊಬ್ಬನ ಜೊತೆ ಲಾಯರು. ಕರಿಸಿದ್ದ ಮಾತ್ರ ಕೆಳಗೆ, ಬಿಸಿಲಲ್ಲಿ. ಮೇಲೆ ಬಾ ಎಂದು ಯಾರೂ ಅನ್ನಲಿಲ್ಲ. ಕೇರಿಯಲ್ಲೂ ಓದಿದವನು ಅವನೊಬ್ಬನೇ. ಇಂಟರ್‌ಮೀಡಿಯೆಟ್ ಅಂದರೇನು ಎಂದು ಕೇಳುವವರು ಕೂಡ ಅಲ್ಲಿರಲಿಲ್ಲ.

ಗುಮಾಸ್ತರು ಜಗಲಿಯಿಂದಲೇ ಬಗ್ಗಿ, ಬೆರಳ ತುದಿಯಲ್ಲಿ ಅರ್ಜಿ ಎತ್ತಿಕೊಂಡು ಓದಿದರು: ‘ಗಣಿತ ಪರೀಕ್ಷೆಯ ಬೆಳಗ್ಗೆ ನಮ್ಮ ಮನೆಯ ಬಿಟ್ಟಿ ಸರದಿ. ತಂದೆಯ ಕಾಲು ಮುರಿದಿತ್ತು. ಅವರ ಬದಲು ನಾನು, ಊರಿಗೆ ತಪಾಸಣೆಗೆ ಬಂದಿದ್ದ ಅಮಲ್ದಾರ್ ಸಾಹೇಬರ ಪೆಟ್ಟಿಗೆ ಹೊತ್ತು ಬಂಗಲೆ ಮುಟ್ಟಿಸಿದೆ. ಪರೀಕ್ಷೆಗೆ ಒಂದೂವರೆ ಗಂಟೆ ತಡವಾಯಿತು.’

“ಲೇ, ಆ ಸಾಹೇಬರೇ ಕಮಿಟಿಯ ಅಧ್ಯಕ್ಷರಾಗಿ ಒಳಗೆ ಕೂತಿರೋದು. ಜ್ವರ ಅಂತ ಬರಿ. ಜ್ವರ ಬಡವರ ಮನೆ ನೆಂಟ, ಯಾರೂ ಸಾಕ್ಷಿ ಕೇಳಲ್ಲ.”

“ಜ್ವರ ಬಂದಿರ್ನಿಲ್ಲ ಸ್ವಾಮಿ. ಸಾಹೇಬ್ರು ಬಂದಿದ್ರು.”

ಗುಮಾಸ್ತರು ನಗು ನುಂಗಿಕೊಂಡು ಒಳಗೆ ಹೋದರು. ಕೊನೆಯವನಾಗಿ ಅವನನ್ನು ಕರೆದರು.

ಸಾಹೇಬರು ಕನ್ನಡಕ ಏರಿಸಿ ಓದಿದರು. ದನಿ ಬೆಣ್ಣೆಯಂತಿತ್ತು.

“ಆವತ್ತು ನಿನ್ನನ್ನು ನೋಡಿದ ನೆನಪಿಲ್ಲವಲ್ಲಪ್ಪ.”

“ತಾವು ಕುದ್ರೆ ಮ್ಯಾಲೆ ಮುಂದಿದ್ರಿ. ನಾವು ಹಿಂದಿದ್ವಿ.”

“ನಾವು ಅಂದರೆ?”

“ಆರು ಜನ ಸ್ವಾಮಿ. ಮಂಚಕ್ಕೆ ಇಬ್ರು, ಮೀಯೋ ಹಂಡೆಗೆ ಒಬ್ಬ…”

“ಸಾಕು. ನೀನು ಬುದ್ಧಿವಂತ. ಮುಂದೆ ಬರಬೇಕಾದವನು. ಇದನ್ನು ಹೊಡೆದುಹಾಕಿ ಜ್ವರ ಅಂತ ಬರಿ. ಈಗಲೇ ರುಜು ಹಾಕ್ತೀನಿ.”

ತಮ್ಮ ಪೆನ್ನನ್ನೇ ಮೇಜಿನ ಮೇಲೆ ತಳ್ಳಿದರು. ಅಂಥ ಪೆನ್ನನ್ನು ಕರಿಸಿದ್ದ ಹಿಡಿದೇ ಇರಲಿಲ್ಲ. ಬಾಗಿಲ ಕಡೆ ನೋಡಿದ. ಅವನ ಕಡೆಯವರು ಯಾರಿದ್ದಾರು? ‘ಜ್ವರ’ ಎಂಬುದು ಎರಡೇ ಅಕ್ಷರ. ಅವನು ಬಹಳ ಹೊತ್ತು ಬರೆದ.

ಸಾಹೇಬರು ಕಾಗದ ತಿರುಗಿಸಿಕೊಂಡರು. ಮೊದಲು ಬರೆದದ್ದು ಹಾಗೇ ಇತ್ತು. ಅದರ ಕೆಳಗೆ: ಬೆಟ್ಟಯ್ಯ, ಮಂಚ. ಹೊನ್ನಯ್ಯ, ಮಂಚ. ತಿಮ್ಮಯ್ಯ, ಹಂಡೆ. ಅಂಕಯ್ಯ, ಹಾಸಿಗೆ. ಬೆಳ್ಳಮ್ಮ, ಕುದುರೆಯ ಹುಲ್ಲು.

“ಇವರೂ ಸ್ಕಾಲರ್‌ಶಿಪ್ ಕೇಳ್ತಾರೇನು?”

“ಇಲ್ಲ ಸ್ವಾಮಿ. ಅವ್ರಿಗೆ ಬರ್ಯಾಕೆ ಬರಾಕಿಲ್ಲ. ಅದ್ಕೇ ನಾನು ಬರ್ದೆ.”

ಸಾಹೇಬರು ಪೆನ್ನು ವಾಪಸ್ಸು ತೆಗೆದುಕೊಂಡರು. ರುಜು ಹಾಕಲಿಲ್ಲ. ಮುಚ್ಚಳ ಹಾಕಿದರು.