ಸಣ್ಣದಾಗುತ್ತಿದ್ದ ಕೊಪ್ಪರಿಗೆ

ನನ್ನ ಹೆಂಡತಿ ಪಾರ್ವತಿಬಾಯಿ ಲಿಂಗೈಕ್ಯಳಾದ ಎರಡು ತಿಂಗಳಿಗೆ ಬ್ಯಾಂಕಿನವರು ಅವಳಿಗೆ ಬಡ್ತಿ ಕೊಟ್ಟರು.

ಅವಳ ಫೋನನ್ನು ಬಂದ್ ಮಾಡಲು ನನಗೆ ಮನಸ್ಸಾಗಿರಲಿಲ್ಲ. ದೇವರ ಗೂಡಿನಲ್ಲಿ ಅವಳ ವಿಭೂತಿ ಗಟ್ಟಿಯ ಪಕ್ಕ ಇಟ್ಟಿದ್ದೆ. ಒಂದು ಬೆಳಿಗ್ಗೆ ಪೂಜೆಗೆ ಕೂತಾಗ ಅದು ಟಿಣ್ ಎಂದಿತು. ‘ಅಭಿನಂದನೆಗಳು ಪಾರ್ವತಿಬಾಯಿಯವರೇ, ನಿಮ್ಮ ಖಾತೆಯನ್ನು ಸ್ವರ್ಣ ದರ್ಜೆಗೆ ಏರಿಸಲಾಗಿದೆ’ ಎಂದಿತ್ತು. ಇನ್ನು ಮುಂದೆ ಖಾತೆಯಲ್ಲಿ ಸದಾ ಇಪ್ಪತ್ತೈದು ಸಾವಿರ ಇರಬೇಕು, ಇಲ್ಲದಿದ್ದರೆ ತಿಂಗಳಿಗೊಮ್ಮೆ ದಂಡ ಎಂಬುದನ್ನೂ ಕೆಳಗೆ ಬರೆದಿದ್ದರು. ಅವಳ ಖಾತೆಯಲ್ಲಿ ಅಷ್ಟು ಹಣ ಎಂದೂ ಇರಲಿಲ್ಲ. ದಂಡ ಹಿಡಿದರು. ದಂಡ ಹಿಡಿದ ಸುದ್ದಿ ತಿಳಿಸಿದ್ದಕ್ಕೆ ಮತ್ತಷ್ಟು ಹಿಡಿದರು.

ಅದು ಅವಳ ಹರಕೆಯ ಹಣ. ತೆಲುಗು ಸೀಮೆಯ ಕೂಕಟ್‌ಪಲ್ಲಿಯಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಅವಳೂ ಎದುರು ಮನೆಯ ಗುರುಬಾಯಿಯೂ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ನಮ್ಮ ಕಡೆಯವರ ಮನೆಗಳಿಗೆ ಮಾರುತ್ತಿದ್ದರು. ಶ್ರಾವಣದ ಕೊನೆಯ ಸೋಮವಾರ ನಾರಾಯಣಗೂಡದ ನಮ್ಮ ಮಠದಲ್ಲಿ ದಾಸೋಹ. ಗಂಡಸರ ಪಂಕ್ತಿ ಎದ್ದು ಹೆಂಗಸರ ಪಂಕ್ತಿ ಕೂರುವ ಹೊತ್ತಿಗೆ ಪ್ರತಿ ವರ್ಷ ಗೋಧಿ ಹುಗ್ಗಿ ಮುಗಿದಿರುತ್ತಿತ್ತು. ಒಂದು ವರ್ಷ ಪಾರ್ವತಿಬಾಯಿ ಗದ್ದುಗೆಯ ಮುಂದೆ ನಿಂತು, ಹೆಂಗಸರ ಪಂಕ್ತಿಗೂ ಸಾಲುವಂಥ ತಾಮ್ರದ ಕೊಪ್ಪರಿಗೆ ಕೊಡುತ್ತೇನೆಂದು ಹರಕೆ ಹೊತ್ತಳು.

ನಾನು ರಕ್ಷಣಾ ಕಾರ್ಖಾನೆಯಿಂದ ನಿವೃತ್ತನಾದವನು. ಪೆನ್ಶನ್ನಿನಿಂದ ಕೊಡಿಸುತ್ತೇನೆ ಎಂದೆ.

“ನಿಮ್ಮ ಪೆನ್ಶನ್ನಿನ ಕೊಪ್ಪರಿಗ್ಯಾಗ ನನ್ನ ಹರಕಿ ಹ್ಯಾಂಗ ಕುದೀತೈತ್ರಿ?” ಎಂದಳು. “ಹೊತ್ತಾಕಿ ನಾನು. ರೊಕ್ಕಾನೂ ನಂದs ಇರಬೇಕು.”

ಬೇಗಂ ಬಜಾರಿನ ಸೂರ್ಯಕಾಂತನ ಪಾತ್ರೆ ಅಂಗಡಿಯಲ್ಲಿ ಎಮ್ಮೆಕರು ಮೈ ತೊಳೆಸಿಕೊಳ್ಳುವಷ್ಟು ದೊಡ್ಡ ಕೊಪ್ಪರಿಗೆಯೊಂದನ್ನು ಆರಿಸಿಯೂ ಇಟ್ಟಿದ್ದಳು. ಕಲಾಯಿ ಸಮೇತ ಅದರ ಬೆಲೆಯೂ ಖಾತೆಯ ಹಣವೂ ಕೂಡಿಬಂದ ವಾರವೇ ಜ್ವರ ಬಂದು ಮಲಗಿದಳು, ಏಳಲಿಲ್ಲ.

ಆ ಹಣ ತೆಗೆದುಕೊಡಿ ಎಂದು ಮರಣ ಪತ್ರ ಹಿಡಿದು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕೌಸ್ತುಭ ಚಿಕ್ಕ ವಯಸ್ಸಿನ ವಿನಯವಂತ. ನಾಮಿನಿ ಯಾರೆಂದು ಪರದೆಯಲ್ಲಿ ನೋಡಿದ, ನನ್ನನ್ನು ನೋಡಿದ, ಮತ್ತೆ ಪರದೆ ನೋಡಿದ. ನೀರು ತರಿಸಿಕೊಟ್ಟ. ಆಮೇಲೆ ದನಿ ಇಳಿಸಿ ಕೇಳಿದ. ಅವನ ತೆಲುಗನ್ನು ಕನ್ನಡದಲ್ಲಿ ಬರೆಯುತ್ತೇನೆ.

“ತಪ್ಪು ತಿಳಿಯಬೇಡಿ ಸರ್. ಮೇಡಂ ಅವರಿಗೆ ಮೊದಲೊಂದು ಮದುವೆ ಆಗಿತ್ತಾ?”

ನಾನು ನೀರಿನ ಲೋಟ ಕೆಳಗಿಟ್ಟೆ. ಅವನು ಪರದೆಯನ್ನು ನನ್ನ ಕಡೆ ತಿರುಗಿಸಿದ. ನಾಮಿನಿಯ ಸಂಬಂಧ: ಗಂಡ. ಹೆಸರು: ನಮ್ಮ ಮನೆಯವರು.

ಏನಾಗಿರಬೇಕೆಂದು ನನಗೆ ಕೂಡಲೇ ಹೊಳೆಯಿತು. ನಮ್ಮಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆಂಬ ನಂಬಿಕೆ. ಖಾತೆ ತೆರೆಯುವ ದಿನ ಗುಮಾಸ್ತ ಹಿಂದಿಯಲ್ಲಿ ನಾಮಿನಿಯ ಹೆಸರು ಕೇಳಿದ್ದಾನೆ, ಇವಳು “ನಮ್ಮನಿಯವರು” ಎಂದಿದ್ದಾಳೆ, ಅವನು ಬರೆದುಕೊಂಡಿದ್ದಾನೆ. ಅವಳ ನಂಬಿಕೆ ಫಲಿಸಿತು. ನಾನು ಉಳಿದಿದ್ದೇನೆ.

ಇದನ್ನೆಲ್ಲ ಬಿಡಿಸಿ ಹೇಳಿದೆ. ಕೌಸ್ತುಭ ತಲೆದೂಗಿದ. “ನನಗೆ ಅರ್ಥವಾಯಿತು ಸರ್. ಸಿಸ್ಟಮ್ಮಿಗೆ ಆಗಬೇಕಲ್ಲ. ಮನೆಯವರು ಅವರ ಆಧಾರ್ ಕಾರ್ಡ್ ಬೇಕು.”

“ಹೋಗಲಿ, ದಂಡ ಹಿಡಿಯುವುದನ್ನಾದರೂ ನಿಲ್ಲಿಸಿ, ಹಿಡಿದದ್ದು ವಾಪಸು ಮಾಡಿ.”

“ಶುಲ್ಕದ ಬಗ್ಗೆ ಖಾತೆದಾರರೇ ದೂರು ಕೊಡಬೇಕು ಸರ್.”

“ಖಾತೆದಾರಳು ಸತ್ತಿದ್ದಾಳೆ.”

“ಹಾಗಾದರೆ ನಾಮಿನಿ ಕೊಡಬೇಕು.”

ನಾಮಿನಿ ಅವನ ಎದುರಿಗೇ ಕೂತಿದ್ದ.

ಮುಂದಿನ ತಿಂಗಳು ಸೂರ್ಯಕಾಂತನ ಅಂಗಡಿಗೆ ಹೋಗಿ ಉಳಿದ ಹಣದ ಲೆಕ್ಕ ಹೇಳಿದೆ. ಅವನು ಬೀದರ್ ಕಡೆಯ ಸಜ್ಜನ ವ್ಯಾಪಾರಿ. ದೊಡ್ಡದನ್ನು ಬಟ್ಟೆ ಮುಚ್ಚಿ ಬದಿಗಿಟ್ಟು ಅದಕ್ಕಿಂತ ಸಣ್ಣದನ್ನು ತೋರಿಸಿದ. ಅದರ ಮುಂದಿನ ತಿಂಗಳು ಹಂಡೆ ತೋರಿಸಿದ. ಆಮೇಲೆ ಬೋಗುಣಿಯ ಸಾಲಿಗೆ ಕರೆದುಕೊಂಡು ಹೋದ.

“ಹಿಂಗs ನಡದ್ರ ಶ್ರಾವಣಕ್ಕ ಚರಗಿ ಉಳೀತೈತ್ರಿ ಯಜಮಾನ್ರ,” ಎಂದ. “ನನ್ನ ಲಾಭ ಬಿಟ್ಟು ಕೊಡಲೇನ್ರಿ?”

“ಬ್ಯಾಡಪಾ. ಬಿಟ್ಟಿದ್ದು ನಿನ್ನ ಹರಕಿ ಆಗತೈತಿ.”

ನಾನು ಬ್ಯಾಂಕಿನ ಕೇಂದ್ರ ಕಚೇರಿಗೆ ಬರೆದೆ. ಉತ್ತರ ಪಾರ್ವತಿಬಾಯಿಯ ಫೋನಿಗೆ ಬಂತು: ‘ನಿಮ್ಮ ದೂರನ್ನು ನಿಮಗೆ ತೃಪ್ತಿಯಾಗುವಂತೆ ಪರಿಹರಿಸಲಾಗಿದೆ.’ ಅದನ್ನು ಗೂಡಿನ ಮುಂದೆ ಓದಿ ಹೇಳಿದೆ. ಬದುಕಿದ್ದಾಗ ಅವಳು ಅಷ್ಟು ಸುಲಭಕ್ಕೆ ತೃಪ್ತಳಾದವಳಲ್ಲ. ಮತ್ತೆ ಬರೆದೆ, ನೋಟರಿಯ ಮುಂದೆ ಪ್ರಮಾಣ ಮಾಡಿದ ಕಾಗದವನ್ನೂ ಜೊತೆಗಿಟ್ಟೆ. ಈ ಸಲ, ಅಮರೇಶಪ್ಪನಾದ ನನಗೆ ಹಣ ಕೊಡಲು ತಮ್ಮದೇನೂ ಅಭ್ಯಂತರವಿಲ್ಲವೆಂದು ಶ್ರೀ ಮನೆಯವರಿಂದ ಪತ್ರ ತನ್ನಿ ಎಂದರು.

ಗುರುಬಾಯಿಗೆ ತೋರಿಸಿದೆ. ಅವಳು ಹಿಟ್ಟಿನ ಕೈ ಒರೆಸಿಕೊಂಡು ಕೇಳಿದಳು. “ಬರದು ಕೊಡ್ರಲ್ಲ ಅಣ್ಣಾರ. ನಿಮಗ ನಿಮ್ಮ ಮ್ಯಾಲ ಏನ್ ತಕರಾರ ಐತಿ?”

ಬರೆದು ಕೊಟ್ಟೆ. ಅರ್ಜಿಯ ಕೈಬರಹವೂ ಅಭ್ಯಂತರವಿಲ್ಲವೆಂಬ ಪತ್ರದ ಕೈಬರಹವೂ ಒಂದೇ ಆಗಿರುವುದು ಸಂಶಯಕ್ಕೆ ಎಡೆಮಾಡಿದೆ ಎಂದು ಎರಡನ್ನೂ ಹಿಂದಕ್ಕೆ ಕಳಿಸಿದರು.

ಬ್ಯಾಂಕುಗಳ ಮೇಲಿನ ದೂರು ಕೇಳುವ ಲೋಕಪಾಲರಿಗೂ ಬರೆದೆ. ಇದು ಸಾಕ್ಷಿ ವಿಚಾರಿಸಿ ತೀರ್ಮಾನಿಸಬೇಕಾದ ವಿಷಯ, ಅದಕ್ಕೆ ಬೇರೆ ಜಾಗವಿದೆ ಎಂದು ಅವರು ತಿಳಿಸಿದರು. ಹೀಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಬಂದೆ. ಸಣ್ಣ ಮೊತ್ತಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲನೂ ಬೇಕಿಲ್ಲ. ಸಾಕ್ಷಿಗೆ ಗುರುಬಾಯಿ ಬರುತ್ತೇನೆಂದಳು. ವಿಚಾರಣೆಯ ದಿನ ರೊಟ್ಟಿ ಬುತ್ತಿ ಕಟ್ಟಿಕೊಂಡು, ದೂರದ ಮದುವೆಗೆ ಹೊರಟವಳಂತೆ ಇಳಕಲ್ ಸೀರೆ ಉಟ್ಟು ಬಂದಳು.

ಅರ್ಜಿಯಲ್ಲಿ ನಾನು ‘ಅಮರೇಶಪ್ಪ ಅಲಿಯಾಸ್ ನಮ್ಮ ಮನೆಯವರು’ ಎಂದು ಬರೆದಿದ್ದೆ. ಅಂದಿನ ಪಟ್ಟಿಯಲ್ಲಿ ಜಾಗ ಸಾಲದೆ ಅಲಿಯಾಸ್ ನಂತರದ ಅರ್ಧ ಮಾತ್ರ ಅಚ್ಚಾಗಿತ್ತು. ನಾನು ಬೆಂಚಿನ ಮೇಲೆ ಕಣ್ಣು ಮುಚ್ಚಿ ಪಂಚಾಕ್ಷರಿ ಜಪಿಸುತ್ತಿದ್ದೆ. ಬಾಗಿಲ ಬಳಿಯ ಜವಾನ ತೆಲುಗು ರಾಗದಲ್ಲಿ ಕೂಗಿದ: “ನಮ್ಮ ಮನೆಯವರೂ...”

“ಬಂದೆ,” ಎಂದು ಎದ್ದು ನಿಂತೆ. ಕಣ್ಣು ತೆರೆದದ್ದು ಆಮೇಲೆ. ಅಡುಗೆಮನೆಯಿಂದ ಅವಳು ಯಾರಿಗೋ “ತಡೀರಿ, ನಮ್ಮನಿಯವರು ತರತಾರ” ಎಂದರೆ ಸಾಕು, ಏನು ತರಬೇಕೆಂದು ಕೇಳುವ ಮೊದಲೇ ನಾನು ಗೋಡೆಯ ಮೊಳೆಯಿಂದ ಚೀಲ ತೆಗೆದುಕೊಳ್ಳುತ್ತಿದ್ದೆ. ಅಂದೂ ಬಲಗೈ ಗೋಡೆಯ ಕಡೆ ಚಾಚಿ ಮೊಳೆ ಹುಡುಕುತ್ತಿತ್ತು.

ಅಧ್ಯಕ್ಷೆ ಹಿರಿಯ ಹೆಂಗಸು, ಜಹೀರಾಬಾದಿನ ಕಡೆಯವರು, ಕನ್ನಡ ಬಲ್ಲವರು. ಬ್ಯಾಂಕಿನ ಪರವಾಗಿ ಎಳೆಯ ವಕೀಲನೊಬ್ಬ ಬಂದಿದ್ದ. ನಮ್ಮ ಮಾತನ್ನು ಅವನಿಗೆ ಅವರೇ ತೆಲುಗಿನಲ್ಲಿ ತಿಳಿಸುತ್ತಿದ್ದರು.

“ಕೂಗಿದ ಕೂಡಲೇ ಯಾರು ಬೇಕಾದರೂ ಎದ್ದು ನಿಲ್ಲಬಹುದು ಮೇಡಂ,” ಎಂದ ವಕೀಲ.

ಅಧ್ಯಕ್ಷೆ ಗುರುಬಾಯಿಯನ್ನು ಕೇಳಿದರು. “ಇವರು ಯಾರಮ್ಮಾ?”

“ಪಾರ್ವತಿ ಮನಿಯವರ್ರಿ.”

“ಹೆಸರು?”

“ಅಮರೇಶಪ್ಪ.”

ವಕೀಲನ ಮುಖ ಅರಳಿತು. “ನೋಡಿ ಮೇಡಂ, ಹೆಸರು ಹೇಳಬಾರದೆಂಬ ನಿಯಮವೇ ಇಲ್ಲ.”

“ಮಂದಿ ಗಂಡನ ಹೆಸರು ಹೇಳಾಕ ನನಗೇನ ಧಾಡೀರಿ?” ಎಂದಳು ಗುರುಬಾಯಿ.

“ಹಾಗಾದರೆ ನಿಮ್ಮ ಗಂಡನ ಹೆಸರು ಹೇಳಿ, ಬರೆದುಕೊಳ್ಳುತ್ತೇವೆ,” ಎಂದ ವಕೀಲ.

ಗುರುಬಾಯಿಯ ಗಂಡ ಗಟ್ಟಿಮುಟ್ಟಾಗಿ ಮನೆಯಲ್ಲಿ ಕೂತು ಸುದ್ದಿ ನೋಡುತ್ತಿದ್ದ. ಅವಳು ಮೇಲಿನ ಫ್ಯಾನ್ ನೋಡಿದಳು. ಸೆರಗು ಸರಿ ಮಾಡಿಕೊಂಡಳು. ಕಡೆಗೆ ನನ್ನ ಕಡೆ ತಿರುಗಿದಳು.

“ಅಣ್ಣಾರ, ನೀವs ಹೇಳ್ರಿ.”

ನಾನು ಬಾಯಿ ತೆರೆದೆ. ದೂರುದಾರ ಸಾಕ್ಷಿಗೆ ಹೇಳಿಕೊಡಬಾರದು ಎಂದು ವಕೀಲ ಆಕ್ಷೇಪಿಸಿದ. ಗುರುಬಾಯಿ ಸೊಂಟದ ಸಂಚಿಯಿಂದ ಆಧಾರ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟು ಬೆರಳು ಊರಿದಳು. “ಇಲ್ಲೈತಿ. ಓದಾಕ ಬರತೈತೋ ಇಲ್ಲೋ ತಮ್ಮಾ ನಿನಗ?”

“ಕಲ್ಲೇಶ,” ಎಂದು ಅಧ್ಯಕ್ಷೆಯೇ ಓದಿದರು. ಗುರುಬಾಯಿ ನಾಚಿ ತಲೆ ತಗ್ಗಿಸಿದಳು. ಅಧ್ಯಕ್ಷೆ ಕನ್ನಡಕ ತೆಗೆದು ವಕೀಲನನ್ನು ನೋಡಿದರು. “ನಿಮ್ಮ ತಾಯಿ ನಿಮ್ಮ ತಂದೆಯನ್ನು ಏನನ್ನುತ್ತಾರೆ?”

ವಕೀಲ ಕಡತದಲ್ಲಿ ಉತ್ತರ ಹುಡುಕಿದ. “‘ಮಾ ಆಯನ’ ಅನ್ನುತ್ತಾರೆ, ಮೇಡಂ.” ತೆಲುಗಿನಲ್ಲಿ ಅದೂ ನಮ್ಮ ಮನೆಯವರೇ.

“ಬ್ಯಾಂಕಿನಲ್ಲಿ ಅವರ ನಾಮಿನಿ ಯಾರೆಂದು ಬರೆಸಿದ್ದಾರೆ?”

“ನೋಡಬೇಕು, ಮೇಡಂ.”

“ನೋಡಿ,” ಎಂದರು.

ಆದೇಶ ಆಷಾಢದಲ್ಲಿ ಬಂತು. ನಾನೇ ನಾಮಿನಿ ಎಂದು ಒಪ್ಪಬೇಕು, ಕೇಳದೆ ದರ್ಜೆ ಏರಿಸಿ, ಮರಣ ಪತ್ರ ಕೊಟ್ಟ ಮೇಲೂ ಬಿಡದೆ ಹಿಡಿದ ದಂಡವನ್ನೆಲ್ಲ ವಾಪಸು ಮಾಡಬೇಕು, ತೊಂದರೆ ಕೊಟ್ಟದ್ದಕ್ಕೆ ಪರಿಹಾರವಾಗಿ ಎರಡು ಸಾವಿರ ಬೇರೆ ಕೊಡಬೇಕು. ಕೌಸ್ತುಭ ತಾನೇ ನಿಂತು ಹಣ ಕೊಡಿಸಿದ. ಕೊಡುವಾಗ ಸಂಕೋಚದಿಂದ ಹೇಳಿದ. “ನಮ್ಮಮ್ಮನ ಖಾತೆ ತೆಗೆದು ನೋಡಿದೆ ಸರ್. ನಾಮಿನಿ ನಾನೇ. ಹೆಸರು ‘ಬುಜ್ಜಿ’ ಅಂತಿದೆ.”

“ನಿನ್ನ ಆಧಾರ್ ಕಾರ್ಡಿನಲ್ಲಿ ಬುಜ್ಜಿ ಅಂತ ಇದೆಯೇ?” ಎಂದೆ. ಅವನು ನನಗೆ ನೀರು ತರಿಸಿದ.

ಆ ಎರಡು ಸಾವಿರದ್ದೇ ಚಿಂತೆಯಾಯಿತು. ಅದು ರೊಟ್ಟಿ ಬಡಿದು ಗಳಿಸಿದ್ದಲ್ಲ, ಕೊಪ್ಪರಿಗೆಗೆ ಸೇರಿಸುವ ಹಾಗಿಲ್ಲ. ಗುರುಬಾಯಿ ತೀರ್ಪು ಕೊಟ್ಟಳು. “ಅದು ಬ್ಯಾಂಕಿನ ತಪ್ಪುಕಾಣಿಕಿ ಅಣ್ಣಾರ. ಹುಗ್ಗಿಗೆ ತುಪ್ಪ ತರ್ರಿ.”

ಸೂರ್ಯಕಾಂತ ದೊಡ್ಡ ಕೊಪ್ಪರಿಗೆಯ ಮೇಲಿನ ಬಟ್ಟೆ ತೆಗೆದ. ಕಂಠದ ಮೇಲೆ ಏನು ಕೊರೆಯಲಿ ಎಂದು ಕೇಳಿದ. ಪಾರ್ವತಿಬಾಯಿ ಎಂದಷ್ಟೇ ಸಾಕು ಎಂದೆ. ಗಂಡನ ಹೆಸರು ಬೇಡವೇ ಎಂದ. ಅವಳು ಹೇಳದ್ದನ್ನು ಅವಳ ಪಾತ್ರೆಯ ಮೇಲೆ ನಾನೇಕೆ ಬರೆಸಲಿ?

ಮರುದಿನ ಅವಳ ಫೋನಿಗೆ ಕೊನೆಯ ಸಂದೇಶ ಬಂತು. ಖಾತೆ ಮುಚ್ಚಲಾಗಿದೆ, ನಮ್ಮ ಸೇವೆ ಹೇಗಿತ್ತು, ಐದರಲ್ಲಿ ಅಂಕ ಕೊಡಿ ಎಂದಿತ್ತು. ಗೂಡಿನ ಮುಂದೆ ಓದಿ ಹೇಳಿ, ಫೋನನ್ನು ಬಂದ್ ಮಾಡಿದೆ.

ಶ್ರಾವಣದ ಕೊನೆಯ ಸೋಮವಾರ ಮಠದಲ್ಲಿ ಹೊಸ ಕೊಪ್ಪರಿಗೆ ಒಲೆ ಏರಿತು. ಗಂಡಸರ ಪಂಕ್ತಿ ಎದ್ದಿತು. ಹೆಂಗಸರು ಕೂತರು. ಬಡಿಸುವವರು ಸಾಲಿನ ಕೊನೆಯವರೆಗೆ ಹೋಗಿ, ಮತ್ತೆ ಮೊದಲಿಂದ ಬಂದರು. ಮುದುಕಿಯೊಬ್ಬಳು ಎರಡನೆಯ ಸಲ ಹಾಕಿಸಿಕೊಂಡು, ತುಪ್ಪ ಯಾರದೆಂದು ಕೇಳಿದಳು. “ಬ್ಯಾಂಕಿಂದು ಯಮ್ಮಾ, ಸಂಕೋಚ ಮಾಡಬ್ಯಾಡ, ಉಣ್ಣು,” ಎಂದಳು ಗುರುಬಾಯಿ.

ನಾನು ಕಂಬಕ್ಕೆ ಒರಗಿ ಕೂತಿದ್ದೆ. ಒಲೆಯ ಕಡೆಯಿಂದ ಯಾರೋ ಕೊಪ್ಪರಿಗೆ ಇಳಿಸಲು ಇನ್ನೊಂದು ಕೈ ಬೇಕೆಂದರು. ಹೊಗೆಯ ಒಳಗಿಂದ ಹೆಣ್ಣುದನಿಯೊಂದು ಕೇಳಿತು.

“ಪಾರ್ವತಿ ಮನಿಯವರನ್ನ ಕರೀರಿ.”

“ಬಂದೆ,” ಎಂದು ಎದ್ದೆ.