ಸದ್ದಿಗಿಂತ ಮುಂದೆ ಹೋದ ವಿಮಾನ

"ಅಲ್ಲಿ ಕಣಣ್ಣ, ಎಡಕ್ಕೆ! ಎಡಕ್ಕೆ!" ಎಂದು ನಾಗರಾಜು ಕೂಗುವಷ್ಟರಲ್ಲಿ ಲಿಂಗರಾಜು ಕ್ಯಾಮೆರಾವನ್ನು ಬಲಕ್ಕೆ ತಿರುಗಿಸಿ, ಸದ್ದು ಬಂದ ಕಡೆ ಹತ್ತು ಸಲ ಒತ್ತಿಬಿಟ್ಟಿದ್ದ. ದಸರೆಯ ವಿಮಾನ ಪ್ರದರ್ಶನಕ್ಕೆ ಮೈಸೂರಿನ ಬನ್ನಿಮಂಟಪದ ಮೈದಾನದಲ್ಲಿ ಸೇರಿದ್ದ ಜನವೆಲ್ಲ ಎಡಕ್ಕೆ ಕತ್ತು ಹೊರಳಿಸಿ ಹೋ ಎಂದರು. ಬಲಗಡೆ ಉಳಿದದ್ದು ವಿಮಾನಗಳು ಬಿಟ್ಟ ಹೊಗೆ ಮಾತ್ರ.

ಪಿರಿಯಾಪಟ್ಟಣದಲ್ಲಿ ಲಿಂಗರಾಜು ಸ್ಟುಡಿಯೋ ಇಟ್ಟು ಇಪ್ಪತ್ತಾರು ವರ್ಷ. ದೀಪಾವಳಿ ಕಳೆದ ಮೇಲೆ ಕಂಪಲಾಪುರದಲ್ಲಿ ನಾಗರಾಜುವಿನ ಮಗಳ ಮದುವೆ, ಫೋಟೊ ಇವನದೇ. ನಾಗರಾಜುವಿನ ಮಗ ಶರತ್ ವಾಯುಪಡೆಯಲ್ಲಿ ಮೆಕ್ಯಾನಿಕ್. ಮದುವೆ ಮಂಟಪದ ಬಾಗಿಲಿಗೆ ವಿಮಾನದ ದೊಡ್ಡ ಫೋಟೊ ಹಾಕಿಸುವ ಆಸೆಯಿಂದ ನಾಗರಾಜುವೇ ಪಾಸು ತರಿಸಿ, ಲಿಂಗರಾಜುವನ್ನೂ ಅವನ ಹೆಂಡತಿ ರೂಪಶ್ರೀಯನ್ನೂ ಕಾರಿನಲ್ಲಿ ಕರೆತಂದಿದ್ದ. ಮದುವೆಗಳಲ್ಲಿ ಗಂಡನಿಗೆ ಲೈಟು ಹಿಡಿಯುವವಳು ಅವಳೇ.

ಒಂದು ವರ್ಷದಿಂದ ಲಿಂಗರಾಜುವಿಗೆ ಲೋಕ ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತಿತ್ತು. ನಡುವೆ ಚೊಕ್ಕ, ಸುತ್ತ ಏನೂ ಇಲ್ಲ. ಹೋದ ದೃಷ್ಟಿ ಮತ್ತೆ ಬರುವುದಿಲ್ಲ ಎಂದು ಹೇಳಿ ಡಾಕ್ಟರು ಕಣ್ಣಿಗೆ ಹನಿ ಬರೆದುಕೊಟ್ಟಿದ್ದರು. ಅದು ಧೂಳಿಗೆ ಹಾಕುವ ಔಷಧಿ ಎಂದು ಅವನು ಹೆಂಡತಿಗೆ ಹೇಳಿದ್ದ. ಮದುವೆಮನೆಯಲ್ಲಿ ಕೆಲಸ ಹೇಗೋ ನಡೆದುಹೋಗುತ್ತಿತ್ತು. ಗಂಡು ಹೆಣ್ಣು ಎಲ್ಲಿ ನಿಲ್ಲುತ್ತಾರೆಂಬುದು ಗೊತ್ತೇ ಇರುತ್ತದೆ. ತಾಳಿಯ ಹೊತ್ತಿಗೆ ವಾಲಗದವರು ಗಟ್ಟಿಮೇಳ ಬಾರಿಸುತ್ತಾರೆ. ಕಿವಿ ಹೇಳಿದಾಗ ಬೆರಳು ಒತ್ತಿದರಾಯಿತು.

ಇಲ್ಲಿ ಸದ್ದು ವಿಮಾನದ ಹಿಂದೆ ಬರುತ್ತಿತ್ತು. ಎರಡನೇ ಸುತ್ತಿಗೆ ಅವನು ಸದ್ದಿಗಿಂತ ಮುಂದಕ್ಕೆ ಹುಡುಕಿದ. ಆ ಸಣ್ಣ ಕಿಂಡಿಗೆ ನೀಲಿ ಬಿಟ್ಟು ಏನೂ ಸಿಗಲಿಲ್ಲ. ಮೂರನೆಯದಕ್ಕೂ ಹಾಗೇ ಆಯಿತು.

"ತೋರ್ಸಣ್ಣ, ನೋಡಾನ," ಎಂದು ನಾಗರಾಜು ಕೈಚಾಚಿದ.

ಅಷ್ಟರಲ್ಲಿ ರೂಪಶ್ರೀ ಕ್ಯಾಮೆರಾ ತೆಗೆದುಕೊಂಡಳು. ಒಂದೊಂದೇ ಫೋಟೊ ಸರಿಸಿದಳು. ಆಕಾಶ. ಆಕಾಶ. ಹೊಗೆಯ ಬಾಲ. ಯಾರದೋ ಕೈಯ ಬಲೂನು. ಮತ್ತೆ ಆಕಾಶ. ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ.

"ಬಿಸ್ಲಿಗೆ ಏನೂ ಕಾಣಲ್ಲ ಕಣಣ್ಣ. ಊರ್ಗೋಗಿ ಕಂಪ್ಯೂಟರ್‌ನಲ್ಲಿ ತೋರಿಸ್ತೀವಿ," ಎಂದು ಲೆನ್ಸಿಗೆ ಮುಚ್ಚಳ ಹಾಕಿದಳು.

"ಸಂದಾಗಿ ಬರ್ದೆ ಇರ್ಲಿ, ಮಂಟಪದ ಬಾಗ್ಲಿಗೆ ನಿನ್ನೇ ನೇತಾಕ್ತೀನಿ ನೋಡು," ಎಂದು ನಾಗರಾಜು ನಕ್ಕ. ಲಿಂಗರಾಜುವೂ ನಕ್ಕ, ಸ್ವಲ್ಪ ತಡವಾಗಿ.

ಮನೆಗೆ ಬಂದ ಮೇಲೆ ರೂಪಶ್ರೀ ಗಂಡನ ಬಲಕ್ಕೆ ನಿಂತು ಮಜ್ಜಿಗೆಯ ಲೋಟ ಚಾಚಿದಳು, ಮಾತಾಡಲಿಲ್ಲ. ಅವನು ಗೋಡೆ ನೋಡುತ್ತಲೇ ಕುಳಿತಿದ್ದ. ಅವಳ ಕೈ ಸೋತಿತು.

"ಎಷ್ಟ್ ದಿನದಿಂದ?"

ಅವನು ಬೆಚ್ಚಿ ತಿರುಗಿದ. ಲೋಟ ಕಂಡಿತು. "ಒಂದೊರ್ಸ," ಎಂದ. "ಇದೊಂದು ಮದ್ವೆ ಮಾಡ್ಬುಡಾನ ಕಣಮ್ಮಿ. ನೀನು ಪಕ್ಕದಲ್ಲಿರ್ತೀಯ. ಗಟ್ಟಿಮೇಳ ಕೇಳುದ್ರೆ ಸಾಕು ನಂಗೆ."

"ವಾಲಗದೋನು ಮುಂಚೇನೇ ಒಡುದ್ರೆ? ಯಾರಾರ ಅಡ್ಡ ಬಂದ್ರೆ? ಆ ಉಡ್ಗಿ ಕತ್ತಿಗೆ ತಾಳಿ ಬೀಳೋದು ಒಂದೇ ಸಲ ಕಣ್ರೀ. ಇನ್ನೊಂದ್ ಸಲ ಕಟ್ಟು ಅನ್ನಕಾಯ್ತದಾ?"

"ಅಂಗಾರೆ ಸ್ಟುಡಿಯೋ?"

ಅವಳು ಲೋಟವನ್ನು ಅವನ ಕೈಗೆ ಮುಟ್ಟಿಸಿ, ಅವನ ಎದುರಿಗೇ ನಾಗರಾಜುವಿಗೆ ಫೋನು ಮಾಡಿದಳು. "ಅಣ್ಣ, ಫೋಟೊದಲ್ಲಿ ವಿಮಾನ ಒಂದೂ ಬಂದಿಲ್ಲ. ಕ್ಯಾಮೆರಾ ಸರ್ಯಾಗೇ ಐತೆ, ಇವ್ರಿಗೇ ಕಣ್ಣು ಕಾಣ್ತಿಲ್ಲ. ಮದ್ವೆಗೆ ಬೇರೆಯವ್ರನ್ನ ನೋಡ್ಕಳಿ." ಆ ಕಡೆಯಿಂದ, "ಊಟಕ್ಕಾರ ಬನ್ರವ್ವ, ಇಬ್ರೂವೆ," ಎಂದ ನಾಗರಾಜು.

ಹೋದರು. ಮಂಟಪದ ಬಾಗಿಲಲ್ಲಿ ಯಾರೋ ತೆಗೆದ ವಿಮಾನದ ಫೋಟೊ ದೊಡ್ಡದಾಗಿ ನಿಂತಿತ್ತು. ನಾಗರಾಜು ಅವರನ್ನು ಮುಂದಿನ ಸಾಲಿನಲ್ಲೇ ಕೂರಿಸಿದ. ವೇದಿಕೆಯ ಮೇಲೆ ಕೊಪ್ಪದ ಫೋಟೊದವರು ಮೂವರು ವಧೂವರರಿಗೆ ಅಡ್ಡಡ್ಡ ಓಡಾಡುತ್ತಿದ್ದರು. ಲಿಂಗರಾಜುವಿಗೆ ಕಾಣುತ್ತಿದ್ದದ್ದು ಹೆಣ್ಣಿನ ಒಂದು ಭುಜ, ಅದರ ಮೇಲಿನ ಹೂವು.

ಗಟ್ಟಿಮೇಳ ಮೊಳಗಿತು. ರೂಪಶ್ರೀಯ ಮೊಣಕೈ ಹಿಡಿದು ಕುಳಿತಿದ್ದ ಅವನ ತೋರುಬೆರಳು ಒಮ್ಮೆ ಬಲವಾಗಿ ಒತ್ತಿತು. ಆಮೇಲೆ ವೇದಿಕೆಯ ಮೇಲೆ ಬೇರೆಯವರ ಫ್ಲ್ಯಾಶ್ ಬೆಳಗಿತು.