ಅಂಗಾಲಿನ ಅದೃಷ್ಟ

ನಮ್ಮ ಮಾವನವರಿಗೆ ಊರಿನವರ ಮುಖಕ್ಕಿಂತ ಪಾದವೇ ಹೆಚ್ಚು ಪರಿಚಯ. ಬೂಟು ಹೊಲಿಸಲು ಬಂದವರನ್ನು ಕಾಗದದ ಮೇಲೆ ನಿಲ್ಲಿಸಿ, ಪಾದದ ಸುತ್ತ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಆಮೇಲೆ ಕಾಲೆತ್ತಿಸಿ, ಎಲ್ಲಿ ಆಣಿ, ಎಲ್ಲಿ ಒಡಕು ಎಂದು ಅದೇ ಕಾಗದದಲ್ಲಿ ಗುರುತು ಮಾಡುತ್ತಾರೆ. ಅಂಗಾಲಲ್ಲಿ ಕಪ್ಪು ಮಚ್ಚೆ ಕಂಡರಂತೂ ಮೊದಲೆಲ್ಲ ಹಿರಿಹಿರಿ ಹಿಗ್ಗುತ್ತಿದ್ದರು.

"ಅದೃಷ್ಟದ ಕಾಲಮ್ಮ! ಮಚ್ಚೆಗೆ ಡಾಕ್ಟರ ಕತ್ತರಿ ಮುಟ್ಟಿಸೋಕೆ ಮಾತ್ರ ಬಿಡಬೇಡ."

ಅವರಪ್ಪನೂ ಹಾಗೇ ಹೇಳುತ್ತಿದ್ದರಂತೆ. ಗಿರಾಕಿಗಳೂ ಖುಷಿಯಾಗಿ ಹೋಗುತ್ತಿದ್ದರು.

ಅವರ ಮಗಳು, ನನ್ನ ನಾದಿನಿ, ಅಂಥ ಕಾಲಿನವಳೇ. ಕುಳ್ಳಗಿದ್ದಳೆಂದು ಎಲ್ಲರೂ ಗುಬ್ಬಿ ಎನ್ನುತ್ತಿದ್ದೆವು. ಮಿಷನ್ನಿನಲ್ಲಿ ತೊಗಲು ಹೊಲಿಯುತ್ತ ದಿನವಿಡೀ ವಟವಟ ಅನ್ನುವವಳು. ಪ್ರತಿ ಹುಟ್ಟುಹಬ್ಬಕ್ಕೂ ಮಾವ ಹೊಸದಾಗಿ ಅಳತೆ ತೆಗೆದು ಅವಳಿಗೊಂದು ಜೋಡಿ ಬೂಟು ಹೊಲಿಯುತ್ತಿದ್ದರು.

ಒಂದು ದಿನ ಅವಳು ಕುಂಟುತ್ತ ಬಂದಳು. ಕಾಲುಚೀಲದಲ್ಲಿ ರಕ್ತ.

"ಬೂಟು ಕಚ್ಚಿದೆ ಅಷ್ಟೆ ಅತ್ತಿಗೆ" ಎಂದಳು.

ನೋಡಿದೆ. ಮಚ್ಚೆಯ ಅಂಚು ಅಂಕುಡೊಂಕಾಗಿತ್ತು. ಒಂದು ಕಡೆ ಕಂದು, ಒಂದು ಕಡೆ ಕಡುಕಪ್ಪು. ನಾನು ಆಸ್ಪತ್ರೆಯಲ್ಲಿ ನರ್ಸು. ಅವಳ ಕಾಲನ್ನು ಮಾವನಿಗೂ ತೋರಿಸಿದೆ.

"ಮಾವ, ಇವಳನ್ನ ಡಾಕ್ಟರಿಗೆ ತೋರಿಸ್ಲೇಬೇಕು. ಚರ್ಮದ ಕ್ಯಾನ್ಸರ್ ಇದ್ರೂ ಇರಬಹುದು."

ಮಾವ ನಕ್ಕು ಅಂಗಡಿಯ ಗೋಡೆ ತೋರಿಸಿದರು. ಆಸ್ಪತ್ರೆಯಿಂದ ತಂದು ನಾನೇ ಅಂಟಿಸಿದ್ದ ಪೋಸ್ಟರು. ಕಡಲ ತೀರದಲ್ಲಿ ಕೊಡೆ ಹಿಡಿದ ಬೆಳ್ಳನೆಯ ಹೆಂಗಸು, 'ಬಿಸಿಲಿನಿಂದ ಚರ್ಮ ಕಾಪಾಡಿ' ಎಂಬ ಬರಹ, ಕೆಳಗೊಂದಿಷ್ಟು ಶೇಕಡಾ ಲೆಕ್ಕ.

"ನೀನೇ ಅಂಟಿಸಿದ್ದಲ್ವೇನಮ್ಮ? ಇದು ಬಿಳಿಯರ ಕಾಯಿಲೆ, ಬಿಸಿಲಿನ ಕಾಯಿಲೆ. ನಮ್ಮ ಬಣ್ಣ ನೋಡು! ಅಂಗಾಲಿಗೆ ಯಾವ ಸೂರ್ಯ ಹುಟ್ತಾನೆ?"

ಗುಬ್ಬಿಯೂ ಕಿಸಕ್ಕನೆ ನಕ್ಕಳು. ಪೋಸ್ಟರಿನಲ್ಲಿ ಇದ್ದದ್ದು ಸುಳ್ಳಲ್ಲ. ಆದರೆ ಕಪ್ಪು ಮೈಯವರಿಗೂ ಈ ರೋಗ ಬರುತ್ತದೆ, ಅದೂ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ, ಬಿಸಿಲೇ ಬೀಳದ ಕಡೆ ಬರುತ್ತದೆ ಎಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಗೊತ್ತಿದ್ದ ನಾನೂ ಅಂಟಿಸಿ ಕೈತೊಳೆದುಕೊಂಡಿದ್ದೆ. ಅವಳನ್ನು ಅವತ್ತೇ ಕೈಹಿಡಿದು ಎಳೆದುಕೊಂಡು ಹೋಗಬೇಕಿತ್ತು. ಹೋಗಲಿಲ್ಲ.

ಅದೃಷ್ಟ ಸವೆಯಬಾರದೆಂದು ಮಾವ ಅವಳ ಬೂಟಿನೊಳಗೆ ಮೆತ್ತನೆಯ ತೊಗಲು ಹಾಕಿ, ಮಚ್ಚೆಯ ಜಾಗಕ್ಕೆ ಸರಿಯಾಗಿ ತೂತು ಕತ್ತರಿಸಿಕೊಟ್ಟರು. ಎರಡು ತಿಂಗಳಿಗೆ ತೂತು ಸಾಲಲಿಲ್ಲ, ದೊಡ್ಡದು ಮಾಡಿದರು. ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡ ಮೇಲೆಯೇ ನಾವು ಡಾಕ್ಟರ ಮುಂದೆ ಕೂತದ್ದು.

"ಮಚ್ಚೆ ಯಾವಾಗಿಂದ ಬೆಳೀತಿದೆ?" ಎಂದು ಡಾಕ್ಟರು ಕೇಳಿದರು.

"ಮೊದಲಿಂದ್ಲೂ ಹಾಗೇ ಇದೆ" ಎಂದರು ಮಾವ.

ನನಗೆ ಕೆಂಡದಂಥ ಸಿಟ್ಟು ಬಂತು. ಮನೆಗೆ ಬಂದವಳೇ ಗುಬ್ಬಿಯ ಅಳತೆಯ ಕಾಗದಗಳನ್ನು ಕಪಾಟಿನಿಂದ ತೆಗೆದು ಅವರ ಮುಂದೆ ಹಾಸಿದೆ. ಕಳೆದ ನಾಲ್ಕು ಹುಟ್ಟುಹಬ್ಬ, ನಾಲ್ಕು ಪಾದ. ಮೊದಲನೆಯದರಲ್ಲಿ ಮಚ್ಚೆ ಸಾಸಿವೆಯಷ್ಟು. ಆಮೇಲೆ ಕಡಲೆಯಷ್ಟು. ಕೊನೆಯದರಲ್ಲಿ ಕೋಟಿನ ಗುಂಡಿಯಷ್ಟು.

ಮಾವ ಒಂದೊಂದರ ಮೇಲೂ ಬೆರಳಾಡಿಸಿದರು. "ಇದು ನನ್ನ ಕೈಯದೇ ಗೆರೆ" ಎಂದರು. "ಕಣ್ಣಿದ್ದೂ ಕುರುಡಾದೆನಲ್ಲಮ್ಮ."

ಗುಬ್ಬಿ ಮಾತ್ರ ಹಾಸಿಗೆಯಲ್ಲೂ ತಮಾಷೆ ಬಿಡಲಿಲ್ಲ. "ಅಪ್ಪ, ನನ್ನ ಅದೃಷ್ಟ ಜಾಸ್ತಿಯಾಯ್ತು. ಕಾಲಲ್ಲಿ ಹಿಡಿಸದೆ ಮೈಯೆಲ್ಲಾ ಹರಡ್ತು" ಎಂದಳು. ಐದನೆಯ ಕಾಗದಕ್ಕೆ ಅವಳು ಉಳಿಯಲಿಲ್ಲ.

ಮಾವ ಪೋಸ್ಟರು ಕಿತ್ತು, ಅದೇ ಜಾಗದಲ್ಲಿ ಆ ನಾಲ್ಕು ಕಾಗದಗಳನ್ನು ಸಾಲಾಗಿ ಅಂಟಿಸಿದರು.

ಮೊನ್ನೆ ಒಬ್ಬಳು ಬಸ್ ಕಂಡಕ್ಟರು ಬಂದಳು. ಹಳೆಯ ಗಿರಾಕಿ. ಕೂತವಳೇ ಕಾಲೆತ್ತಿ, "ನಂದು ಅದೃಷ್ಟದ ಕಾಲು. ನೀವೇ ಹೇಳಿದ್ರಲ್ಲ, ನೆನಪಿದೆಯಾ?" ಎಂದು ನಕ್ಕಳು.

ಮಾವ ಅವಳ ಹಳೆಯ ಕಾಗದ ಹುಡುಕಿ ತಂದು ಅವಳ ಅಂಗಾಲಿನ ಪಕ್ಕ ಹಿಡಿದರು. ಮಚ್ಚೆ ಎರಡರಷ್ಟಾಗಿತ್ತು. ಅವರು ಪೆನ್ಸಿಲು ಕೆಳಗಿಟ್ಟರು.

"ಹೇಳಿದ್ದೆ. ತಪ್ಪು ಹೇಳಿದ್ದೆ ತಾಯಿ. ಎಲ್ಲಾ ಮಚ್ಚೆನೂ ಕೆಟ್ಟದ್ದಲ್ಲ, ಆದ್ರೆ ಇದು ಬೆಳೆದಿದೆ. ಡಾಕ್ಟರಿಗೆ ತೋರಿಸೋ ತನಕ ನಿನಗೆ ಬೂಟು ಹೊಲಿಯಲ್ಲ."

"ಅಯ್ಯೋ, ನಾಳಿದ್ದು ಡ್ಯೂಟಿ ಇದೆ! ಬೇರೆ ಅಂಗಡಿಗೆ ಹೋಗ್ತೀನಿ ಬಿಡಿ."

"ಹೋಗು. ಹೋಗೋ ಮುಂಚೆ ಗೋಡೆ ಮೇಲಿನ ಆ ಕಾಲು ನೋಡ್ಕೊಂಡು ಹೋಗು. ಅದು ತೀರ್ಕೊಂಡ ನನ್ನ ಮಗಳದು."

ಕಂಡಕ್ಟರು ಗೋಡೆಯ ಕಡೆ ತಿರುಗಿದಳು. ಸಾಸಿವೆಯಿಂದ ಗುಂಡಿಯವರೆಗೆ ಬಹಳ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಕೇಳಿದಳು: "ಆಸ್ಪತ್ರೆ ಈಗ ತೆರೆದಿರುತ್ತಾ ಅಕ್ಕ?"

ನಾನು ಬಾಯಿ ತೆರೆಯುವ ಮೊದಲೇ ಮಾವ ಬೂಟು ಮೆಟ್ಟಿಕೊಂಡು, ಅಂಗಡಿಯ ಬೀಗ ಹಿಡಿದು ಹೊರಗೆ ನಿಂತಿದ್ದರು.